ಓಡುವವನನ್ನು ಓಡಲು ಬಿಡಿ ಸ್ವಾಮಿ

ಮುಂಬಯಿಯಲ್ಲಿ ಕೂತು ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆದರೆ "ಇವನಿಗ್ಯಾಕೆ ಬೇಕಿತ್ತು" ಅಂತೀರಿ, ಗೊತ್ತು. ಆದರೆ ಒಂದು ಮಾತು ಕೇಳಿ ಕೇಳಿ ಮೈ ಉರಿಯುತ್ತೆ. ಕ್ವಾರ್ಟರ್‌ಬ್ಯಾಕ್ ಅಂದರೆ ನಿಂತಲ್ಲೇ ನಿಂತು ಚೆಂಡು ಎಸೆಯಬೇಕಂತೆ, ಓಡುವುದು ಬೇರೆ ಗತಿ ಇಲ್ಲದಾಗ ಮಾತ್ರವಂತೆ!

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಳೆದವನು, ಲೆಕ್ಕವನ್ನೇ ಹೇಳುತ್ತೇನೆ. ಎರಡೂ ಕಡೆ 11 ಜನ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದವನ ಕೈಗಿಟ್ಟು ಸುಮ್ಮನೆ ನಿಂತರೆ ದಾಳಿಗೆ ಉಳಿಯುವುದು 10. ಅವನೇ ಓಡಬಲ್ಲನಾದರೆ? ರಕ್ಷಣಾ ಸಾಲಿನ ತುದಿಯಲ್ಲಿರುವ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಆತ ಒಳಗೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಹೊರಗಿನಿಂದ ಓಡುತ್ತಾನೆ, ಕಾದು ನಿಂತರೆ ಚೆಂಡು ಪಕ್ಕದವನಿಗೆ. ಮೈ ಮುಟ್ಟದೆ ಒಬ್ಬನನ್ನು ಖಾತೆಯಿಂದ ಹೊಡೆದುಹಾಕಿದ ಹಾಗೆ! ಎಸೆಯಲು ಹಿಂದೆ ಸರಿದಾಗಲೂ ಅಷ್ಟೆ. ಎದುರಾಳಿಗಳ ಬೆನ್ನು ಹತ್ತಿ ಓಡುವ ರಕ್ಷಕರಿಗೆ ಇವನು ಕಾಣುವುದೇ ಇಲ್ಲ. ಇವನನ್ನು ಕಾಯಲೆಂದೇ ಒಬ್ಬನನ್ನು ಬೇರೆ ನಿಲ್ಲಿಸಬೇಕು.

2018ರಲ್ಲಿ ಲಾಮಾರ್ ಜಾಕ್ಸನ್‌ಗೆ "ಎಸೆಯೋದು ಬಿಡು, ಹಿಡಿಯುವ ರಿಸೀವರ್ ಆಗಪ್ಪಾ" ಎಂದ ಪಂಡಿತರಿದ್ದರು. ಆತ 32ನೇ ಆಯ್ಕೆ, ಮೊದಲ ಸುತ್ತಿನ ಕಟ್ಟಕಡೆ. ಬಾಲ್ಟಿಮೋರ್ ರೇವನ್ಸ್ ಅವನನ್ನು ತಿದ್ದಲು ಹೋಗಲಿಲ್ಲ, ಆಟವನ್ನೇ ಅವನ ಕಾಲಿನ ಅಳತೆಗೆ ಹೊಲಿಸಿತು. 2019ರ ಲೀಗ್ ಪಂದ್ಯಗಳಲ್ಲಿ 14 ಗೆಲುವು, 2 ಸೋಲು. ಅವನೊಬ್ಬನೇ ಓಡಿದ್ದು 1,206 ಗಜ. ಓಡುವವನಿಗೆ ಎಸೆಯಲು ಬರಲ್ಲ ಅಂತೀರಾ? ಅದೇ ವರ್ಷ 36 ಟಚ್‌ಡೌನ್ ಎಸೆದ.

"ಪ್ಲೇಆಫ್‌ನಲ್ಲಿ ಟೆನೆಸ್ಸಿ ಎದುರು ಸೋತರಲ್ಲ?" ಸೋತರು, 28-12. ಆ ರಾತ್ರಿ ಅವನು ಎಸೆದದ್ದು ಎಷ್ಟು ಸಲ ಗೊತ್ತೇ? 59! ಈಗ ಹೇಳಿ, ಆ ಸೋಲನ್ನು ಯಾವ ಖಾತೆಗೆ ಬರೆಯೋಣ?