ವಾತ ಹಿಡಿದ ಬ್ರೇಕು

ಇಂಗ್ಲಿಷಿನ ಯಂತ್ರಶಾಸ್ತ್ರದಲ್ಲಿ ಒಂದು ವಿಚಿತ್ರವಾದ ಕ್ರಿಯಾಪದವುಂಟು. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕು ಮೆತ್ತಗಾಯಿತೆಂದರೆ ಅದಕ್ಕೆ ‘ಬ್ಲೀಡಿಂಗ್’ ಮಾಡಬೇಕೆನ್ನುತ್ತಾರೆ. ಎಂದರೆ ರಕ್ತ ಹರಿಸಬೇಕು. ಹಿಂದೆ ಪಾಶ್ಚಾತ್ಯ ವೈದ್ಯರು ಜ್ವರಕ್ಕೂ ರಕ್ತ ತೆಗೆಯುತ್ತಿದ್ದರು. ನಮ್ಮ ಸುಶ್ರುತನೂ ರಕ್ತಮೋಕ್ಷಣವನ್ನು ಹೇಳಿದ್ದಾನೆ. ಆದರೆ ಬ್ರೇಕಿನ ಮಟ್ಟಿಗೆ ಈ ಪದವು ರೋಗವನ್ನೇ ತಪ್ಪಾಗಿ ಗುರುತಿಸುತ್ತದೆಂದು ಭಾಷೆಯ ಮೇಷ್ಟ್ರಾದ ನನ್ನ ಆಕ್ಷೇಪಣೆ. ಅಲ್ಲಿಂದ ಹೊರಡಬೇಕಾದುದು ರಕ್ತವಲ್ಲ, ವಾಯು. ನಮ್ಮ ಅಜ್ಜಿಯರು ಆ ಬ್ರೇಕಿನ ನಾಡಿ ಹಿಡಿದಿದ್ದರೆ ‘ವಾತ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ನಾನು ಹೇಳುತ್ತಿರುವುದು ಮೋಟಾರಿನ ಬ್ರೇಕಿನ ಮಾತಲ್ಲ, ಸೈಕಲ್ಲಿನದು. ಸೈಕಲ್ಲಿಗೂ ಎಣ್ಣೆಯ ಬ್ರೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನಾವು ಕಂಡುಂಡ ದೊಡ್ಡ ಕಪ್ಪು ಸೈಕಲ್ಲಿಗೆ ಇದ್ದುದು ಕಬ್ಬಿಣದ ಕಂಬಿಗಳ ಬ್ರೇಕು. ಹಿಡಿಕೆಯನ್ನೊತ್ತಿದರೆ ಕಂಬಿ ಮೇಲಕ್ಕೆಳೆದು ರಬ್ಬರಿನ ತುಂಡು ರಿಮ್ಮಿನ ಒಳಮೈಗೆ ತಗಲುತ್ತಿತ್ತು. ಮಳೆ ಬಂದ ದಿನ ತಗಲಿದರೂ ತಗಲದಂತೆಯೆ ಇರುತ್ತಿತ್ತು. ಆಮೇಲೆ ತಂತಿಯ ಬ್ರೇಕು ಬಂದಿತು. ತಂತಿ ಹಿಗ್ಗುತ್ತದೆ, ತುಕ್ಕು ಹಿಡಿಯುತ್ತದೆ. ಆದರೆ ಬೀದಿಯ ಕೊನೆಯ ಅಂಗಡಿಯವನೂ ಅದನ್ನು ಐದು ನಿಮಿಷದಲ್ಲಿ ಬದಲಿಸಬಲ್ಲ. ಅದರ ದೊಡ್ಡ ಗುಣವೂ ಅದೇ.

ಎಣ್ಣೆಯ ಬ್ರೇಕಿನ ತತ್ತ್ವ ಮಾತ್ರ ಬಹಳ ಹಳೆಯದು. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಪಾಸ್ಕಲ್. ಆತನ ಗ್ರಂಥ ಅಚ್ಚಾದುದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಅದೇ ತತ್ತ್ವದಿಂದ ಬ್ರಾಮಾ ಎಂಬ ಆಂಗ್ಲ ಕುಶಲಕರ್ಮಿ 1795ರಲ್ಲಿ ಭಾರಿ ಒತ್ತುಯಂತ್ರವನ್ನು ಕಟ್ಟಿದ. 1921ರ ಹೊತ್ತಿಗೆ ಅದು ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳನ್ನೂ ಹಿಡಿದು ನಿಲ್ಲಿಸಿತು. ಸೈಕಲ್ಲಿನ ರಿಮ್ಮಿಗೆ ಅದನ್ನು ತಂದು ಮಾರಾಟಕ್ಕಿಟ್ಟು ಹೆಸರಾದವರು ಜರ್ಮನಿಯ ಮಾಗುರಾ ಕಂಪನಿಯವರು, 1987ರಲ್ಲಿ. ಊರ ಹೆಸರು ಉರಾಖ್, ಸ್ಥಾಪಕನ ಹೆಸರು ಮಾಗೆನ್‌ವಿರ್ತ್; ಎರಡನ್ನೂ ಕೂಡಿಸಿ ‘ಮಾಗುರಾ’ ಎಂದಾಯಿತು. ನಮ್ಮ ವ್ಯಾಕರಣಕಾರರು ಇದನ್ನು ಯಾವ ಸಮಾಸವೆನ್ನುತ್ತಿದ್ದರೋ ನಾನರಿಯೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ವಾಚಕರು ಮನ್ನಿಸಬೇಕು. ಆ ಕಂಪನಿ ಹುಟ್ಟಿದುದು 1893ರಲ್ಲಿ. ಅದರ ಮರುವರ್ಷವೇ ಕಿಟೆಲ್ ಸಾಹೇಬರ ಕನ್ನಡ ನಿಘಂಟು ಹೊರಬಂದಿತು. ಕಿಟೆಲ್ಲರು 1903ರಲ್ಲಿ ಕಣ್ಣುಮುಚ್ಚಿದ ಟ್ಯೂಬಿಂಗನ್ ನಗರವು ಉರಾಖಿನಿಂದ ಹೆಚ್ಚು ದೂರದಲ್ಲಿಲ್ಲ. ಆ ಸೀಮೆಯವರು ಪದವನ್ನಾಗಲಿ ತಿರುಪನ್ನಾಗಲಿ ಅರೆಬಿಗಿಯಲ್ಲಿ ಬಿಡುವವರಲ್ಲವೆಂದು ಕಾಣುತ್ತದೆ.

ಅಂಥದೊಂದು ಸೈಕಲ್ಲು ಕಗ್ಗದಾಸಪುರದ ಒಂದು ಮನೆಯ ಗೋಡೆಗೆ ಎರಡು ವರ್ಷ ಒರಗಿ ನಿಂತಿತ್ತು. ಮನೆಯ ಯಜಮಾನರು ಕೆಲಸದ ಮೇಲೆ ಜರ್ಮನಿಯಲ್ಲಿ ಕೆಲಕಾಲವಿದ್ದು ಬರುವಾಗ ತಂದದ್ದು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮಗ ನನ್ನ ವಿದ್ಯಾರ್ಥಿ. ಈ ವರ್ಷ ಅವನಿಗೆ ಅಪ್ಪನ ಸೈಕಲ್ಲಿನಲ್ಲಿಯೇ ಕಾಲೇಜಿಗೆ ಬರಬೇಕೆಂಬ ಹಟ ಹುಟ್ಟಿತು. ಮುಂದಿನ ಬ್ರೇಕಿನ ಹಿಡಿಕೆಯನ್ನೊತ್ತಿದರೆ ಅದು ನೆನೆದ ಸ್ಪಂಜಿನಂತೆ ಒಳಕ್ಕಿಳಿದು ಹ್ಯಾಂಡಲ್ಲಿಗೆ ತಾಗುತ್ತಿತ್ತು. ಕೆರೆಯ ಕಡೆಗೆ ಇಳಿಯುವ ರಸ್ತೆ, ಅದರಾಚೆ ರೈಲ್ವೆ ಗೇಟಿನ ನೂಕುನುಗ್ಗಲು, ಎಲ್ಲವನ್ನೂ ಬಲ್ಲ ತಾಯಿ ಖಂಡಿತವಾಗಿ ಹೇಳಿದರು: “ಬ್ರೇಕು ಸರಿಯಾಗುವ ತನಕ ಅದು ಗೇಟು ದಾಟಕೂಡದು. ಅಪ್ಪನದು ಅಂತ ಗಾಡಿ ನಿಲ್ಲೋದಿಲ್ಲ, ಕಂದಾ.” ಅಂಗಡಿಯವನೊಬ್ಬ ನೋಡಿ, “ಇದನ್ನು ಬಿಸಾಕಿ ತಂತಿ ಹಾಕಿಸಿ” ಎಂದ. ಅವನ ದೃಷ್ಟಿಯಿಂದ ಅದು ಸರಿಯಾದ ಸಲಹೆಯೇ. ಆದರೆ ಆ ಹುಡುಗನ ಮುಖವನ್ನು ನೋಡಿದ್ದರೆ ನೀವೂ ‘ಬಿಸಾಕು’ ಎನ್ನುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಫೋರ್‌ಮನ್ ಒಬ್ಬರಿದ್ದಾರೆ. ವಿಮಾನದ ಚಕ್ರಗಳನ್ನು ನಿಲ್ಲಿಸುವುದೂ ಎಣ್ಣೆಯ ಒತ್ತಡವೇ ಆದುದರಿಂದ ಅವರಿಗೆ ಇದು ಹಳೆಯ ನೆಂಟಸ್ತಿಕೆ. ಹುಡುಗ ಆಗಲೇ ಸಿರಿಂಜು ಹಿಡಿದು ಸಿದ್ಧನಾಗಿದ್ದ. ಅವರು ತಡೆದರು. “ಮೊದಲು ಗಾಳಿ ಬಂದದ್ದು ಎಲ್ಲಿಂದ ಹೇಳು. ತೂತು ಮುಚ್ಚದೆ ಕೊಡ ತುಂಬುತ್ತಾರೇನೋ?” ಎಣ್ಣೆಯ ಕೊಳವೆಯ ಪ್ರತಿಯೊಂದು ಸಂಧಿಗೂ ಬಿಳಿಯ ಕಾಗದ ಸುತ್ತಿಸಿ, ಹಿಡಿಕೆಯನ್ನೊತ್ತಿ ಹಿಡಿದು ಕಾಯಿಸಿದರು. ಹಿಡಿಕೆಯ ಬುಡದ ಕಾಗದದಲ್ಲಿ ನೀಲಿ ಕಲೆಯೊಂದು ಮೂಡಿತು. ಮನೆ ಬದಲಾಯಿಸುವಾಗ ಯಾರೋ ಕೊಳವೆಯನ್ನು ಹಿಡಿದೆಳೆದಿರಬೇಕು. ಆ ನಟ್ಟನ್ನು ತುಸು ಬಿಗಿದ ಮೇಲೆ ಹೊಸ ಕಾಗದ ಶುಭ್ರವಾಗಿಯೇ ಉಳಿಯಿತು.

ನೀಲಿ ಕಲೆ ಎಂದೆನಲ್ಲವೆ? ಮಾಗುರಾದವರ ಎಣ್ಣೆಯ ಬಣ್ಣ ನೀಲಿ. ಅದಕ್ಕವರು ಇಟ್ಟ ಹೆಸರು ‘ರಾಯಲ್ ಬ್ಲಡ್’, ರಾಜರಕ್ತ. ಇದು ಖನಿಜ ತೈಲ. ಮೋಟಾರು ಅಂಗಡಿಯಲ್ಲಿ ಸಿಗುವ ಕಾರಿನ ಬ್ರೇಕ್ ದ್ರವ ಇದಕ್ಕೆ ವಿಷ: ಅದರ ಜಾತಿಯೇ ಬೇರೆ, ಒಳಗಿನ ರಬ್ಬರನ್ನು ಅದು ಕೆಡಿಸಿಬಿಡುತ್ತದೆ. ಕಾರಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆದುದರಿಂದ ಆಗಾಗ ಬದಲಿಸಬೇಕು. ಖನಿಜ ತೈಲ ಹೀರುವುದಿಲ್ಲ. ಮೇಲಾಗಿ ರಿಮ್ಮಿನ ಬ್ರೇಕಿನಲ್ಲಿ ಉಜ್ಜಿದ ಕಾವನ್ನು ಚಕ್ರವೇ ಹೊರುತ್ತದೆ. ಹೀಗಾಗಿ ಸೋರದ ಬ್ರೇಕಿಗೆ ವರ್ಷವರ್ಷವೂ ಈ ಚಿಕಿತ್ಸೆ ಬೇಕಿಲ್ಲ.

ಇನ್ನು ವಾತದ ವಿಚಾರ. ದ್ರವವನ್ನು ಒತ್ತಿದರೆ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ಹಾಗಲ್ಲ. ಒತ್ತಡ ಹತ್ತು ಪಟ್ಟಾದರೆ ಗುಳ್ಳೆ ಹತ್ತನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಬೆರಳಿನ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದಕ್ಕೆ ವೆಚ್ಚವಾಗಿ, ರಿಮ್ಮಿನವರೆಗೆ ತಲುಪುವುದು ಚಿಲ್ಲರೆ. ಮಧ್ಯವರ್ತಿಗಳ ಕೈಸೇರಿದ ಅನುದಾನದಂತೆ ಎನ್ನಬಹುದು.

ಚಿಕಿತ್ಸೆ ನಡೆದುದು ಭಾನುವಾರ, ವರಾಂಡದಲ್ಲಿ. ಸಲಕರಣೆ ಅಲ್ಪ: ಔಷಧದಂಗಡಿಯ ಎರಡು ಸಿರಿಂಜುಗಳು, ಪಾರದರ್ಶಕವಾದ ಕೊಳವೆ, ತರಿಸಿಕೊಂಡ ತಿರುಪಿನ ಮೂತಿ, ನೀಲಿ ಎಣ್ಣೆ, ಹಳೆಯ ಪಂಚೆಯ ತುಂಡುಗಳು. ಸೈಕಲ್ಲನ್ನು ಓರೆಮಾಡಿ, ಹಿಡಿಕೆಯಲ್ಲಿರುವ ಎಣ್ಣೆಯ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ನಿಲ್ಲಿಸಿದರು. ರಿಮ್ಮಿನ ಇಕ್ಕೆಲಗಳಲ್ಲೂ ಒಂದೊಂದು ಉರುಳೆಯುಂಟು. ಹಿಡಿಕೆಯಿಂದ ಬಂದ ಎಣ್ಣೆ ಮೊದಲನೆಯದರ ಮೂಲಕ ಎರಡನೆಯದಕ್ಕೆ ಹೋಗುತ್ತದೆ. ಆ ಎರಡನೆಯದರ ಬಾಯಿ ತೆರೆದು ಎಣ್ಣೆ ತುಂಬಿದ ಸಿರಿಂಜನ್ನು ಬಿಗಿದರು. ಸಿರಿಂಜಿನೊಳಗೆ ಗುಳ್ಳೆಯಿರಬಾರದೆಂದು ಬೇರೆ ಹೇಳಬೇಕಿಲ್ಲ. ಮೇಲಿನ ಬಾಯಿಗೆ ಎರಡನೆಯ ಸಿರಿಂಜಿನ ಬರಿಯ ನಳಿಗೆ. ಕೆಳಗಿನಿಂದ ಮೆಲ್ಲಮೆಲ್ಲನೆ ತಳ್ಳಿದರೆ, ಮೇಲೇರುವುದೇ ಗಾಳಿಯ ಸ್ವಭಾವವಾದುದರಿಂದ ಅದು ತಾನಾಗಿ ದಾರಿ ಹಿಡಿಯುತ್ತದೆ. ಮೊದಲು ದೊಡ್ಡ ಗುಳ್ಳೆಗಳು ಬಂದವು, ಆಮೇಲೆ ಸಾಸಿವೆಯಂಥವು. ಫೋರ್‌ಮನ್ನರು ಕೊಳವೆಯನ್ನು ಬೆರಳಿನಿಂದ ತಟ್ಟುತ್ತಲೇ ಇದ್ದರು. “ಮಗು ತೇಗೋ ತನಕ ಬೆನ್ನು ತಟ್ಟಬೇಕು” ಎಂದರು. ಒಳಗಿನಿಂದ ತಾಯಿ ನಕ್ಕಿದ್ದು ಕೇಳಿಸಿತು.

ಗುಳ್ಳೆ ನಿಂತ ಮೇಲೆ ಮುಚ್ಚುವುದರಲ್ಲಿಯೂ ಕ್ರಮವಿದೆ. ಮೊದಲು ಮೇಲಿನ ಬಾಯಿ, ಅನಂತರ ಕೆಳಗಿನದು. ಮೇಲ್ಗಡೆ ಮುಚ್ಚಿದ ಕೊಳವೆಯಿಂದ ಎಣ್ಣೆ ಸುರಿದುಹೋಗುವುದಿಲ್ಲ. ಎಳನೀರಿನ ನಳಿಗೆಯ ತುದಿಗೆ ಬೆರಳಿಟ್ಟು ಆಡಿದ ಮಕ್ಕಳೆಲ್ಲ ಇದನ್ನು ಬಲ್ಲರು. ಆ ಪುಟ್ಟ ತಿರುಪುಗಳ ಮೇಲೆ ಗಂಡಸುತನ ತೋರಿಸುವುದೂ ಸಲ್ಲ. ಕೊನೆಗೆ ರಿಮ್ಮನ್ನೂ ರಬ್ಬರನ್ನೂ ಸ್ಪಿರಿಟ್ಟಿನಿಂದ ಒರೆಸಬೇಕು. ಎಣ್ಣೆಯ ಪಸೆ ಉಳಿದರೆ ಇಷ್ಟು ಮಾಡಿಯೂ ಗಾಡಿ ಜಾರುತ್ತದೆ.

ಹಿಡಿಕೆ ಕಲ್ಲಿನಂತಾಯಿತು. ಹುಡುಗ ಆಗಲೇ ಹೊರಡುವುದರಲ್ಲಿದ್ದ, ಹಿರಿಯರು ಬಿಡಲಿಲ್ಲ. ರಬ್ಬರ್ ಪಟ್ಟಿಯಿಂದ ಹಿಡಿಕೆಯನ್ನು ಒತ್ತಿ ಕಟ್ಟಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಸಂಧಿಗಳು ಒಣಗಿದ್ದವು, ಹಿಡಿಕೆ ಹಾಗೆಯೇ ಗಟ್ಟಿಯಾಗಿತ್ತು. ಮೊದಲು ಓಣಿಯ ಸಮತಟ್ಟಿನಲ್ಲಿ ಹತ್ತು ಸಲ ನಿಲ್ಲಿಸಿ ತೋರಿಸಿದ ಮೇಲೆ ತಾಯಿ ತಾವೇ ಬಂದು ಹಿಡಿಕೆಯನ್ನೊತ್ತಿ ನೋಡಿದರು. ಸ್ವಲ್ಪ ಹೊತ್ತು ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದರು. ಬಳಿಕ, “ಹಿಂದಿನದಕ್ಕೂ ಒಮ್ಮೆ ಕಾಗದ ಸುತ್ತಿ ನೋಡಿಬಿಡಿ” ಎಂದರು. ಅದು ಮುಂದಿನ ಭಾನುವಾರಕ್ಕೆ ಹೋಯಿತು. ಸೋಮವಾರದಿಂದ ಹುಡುಗ ಗೇಟು ದಾಟಿ ಬರುತ್ತಿದ್ದಾನೆ.

ಉಳಿದ ಎಣ್ಣೆಯ ಸೀಸೆ ಅವರ ಮನೆಯ ಗೂಡಿನಲ್ಲಿದೆ. ಬಣ್ಣ ನೋಡಿ ಯಾರಾದರೂ ಮೋಸಹೋದಾರೆಂದು ತಾಯಿ ಅದರ ಮೇಲೆ ದುಂಡಗಿನ ಅಕ್ಷರಗಳಲ್ಲಿ ಚೀಟಿ ಅಂಟಿಸಿದ್ದಾರೆ: “ಸೈಕಲ್ಲಿನದು. ತಲೆಗೆ ಹಚ್ಚುವುದಲ್ಲ.”