ರೂಪಾಯಿಗೂ ಕೇರಿ ಇದೆ

ಗೆಳೆಯ, ನಿನ್ನ ಶರ್ಟಿನ ಕಾಲರ್ ತಿರುವಿ ನೋಡು. ಲೇಬಲ್ಲು ಅರ್ಧಕ್ಕೆ ಕತ್ತರಿಸಿದೆಯಾ? ಹಾಗಿದ್ದರೆ ಅದು ಮೆಜೆಸ್ಟಿಕ್ಕಿನಲ್ಲೋ ವಿಜಯನಗರದ ಫುಟ್‌ಪಾತಿನಲ್ಲೋ ರಾಶಿ ಹಾಕಿ ಮಾರುವ ಎಕ್ಸ್‌ಪೋರ್ಟ್ ಮಾಲು. ಅಮೆರಿಕಕ್ಕೋ ಜರ್ಮನಿಗೋ ಹಡಗು ಹತ್ತಬೇಕಾಗಿದ್ದದ್ದು. ಒಂದು ಹೊಲಿಗೆ ಡೊಂಕಾಯಿತು ಅಂತ ರಿಜೆಕ್ಟಾಗಿ ನಮ್ಮ ಹಾಸ್ಟೆಲಿಗೆ ಬಂದಿದೆ. ನಾವೂ ಹಾಗೇ ತಾನೆ ಇಲ್ಲಿಗೆ ಬಂದದ್ದು? ಇರಲಿ, ಅದು ಪದ್ಯದ ಮಾತಾಯಿತು. ಇವತ್ತು ಲೆಕ್ಕ ಮಾತಾಡೋಣ.

ನನ್ನಕ್ಕ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಹನ್ನೊಂದು ವರ್ಷದಿಂದ ಕಾಲರ್ ಕೂರಿಸುತ್ತಿದ್ದಾಳೆ. ಗಂಟೆಗೆ ಎಂಬತ್ತು ಪೀಸಿನ ಟಾರ್ಗೆಟ್ಟು. ಎಪ್ಪತ್ತೈದಕ್ಕೆ ನಿಂತರೆ ಸೂಪರ್‌ವೈಸರನ ಬಾಯಿಂದ ಬರುವ ಮಾತನ್ನು ಈ ಹಾಳೆಯಲ್ಲೂ ಅಚ್ಚು ಹಾಕುವಂತಿಲ್ಲ. ನಾನು ಬಿ.ಎ. ಮುಗಿಸಿದ್ದು ಆ ಕಾಲರುಗಳ ಮೇಲೆ.

2022ರಲ್ಲಿ ಡಾಲರು 80 ರೂಪಾಯಿ ಮುಟ್ಟಿದ ಸುದ್ದಿ ಬಂದ ರಾತ್ರಿ ಊಟಕ್ಕೆ ಕೂತಿದ್ದೆವು.

"ಡಾಲರ್ ಎಂಬತ್ತಾಯ್ತಂತೆ ಕಣಕ್ಕ."

"ಅಂಗಂದ್ರೆ ಏನ್ಲಾ?"

"ಹೊರಗಡೆಯೋರು ಶರ್ಟಿಗೆ ಮುಂಚಿನಷ್ಟೇ ಡಾಲರ್ ಕೊಟ್ರೂ ನಿಮ್ ಓನರ್‌ಗೆ ರೂಪಾಯಿ ಜಾಸ್ತಿ ಸಿಗ್ತದೆ."

ಅಕ್ಕ ಮುದ್ದೆ ಮುರಿಯುತ್ತಾ ಕೇಳಿದಳು: "ನಮ್ಗೆ?"

ನಾನು ಆರ್ಟ್ಸ್ ಪದವೀಧರ. ಬಂಡಾಯದ ಪದ್ಯ ಬರೆಯುವವನು. ಬಾಯಿ ಬರಲಿಲ್ಲ. ಆದರೆ ಆ "ನಮ್ಗೆ?"ಗೆ 1923ರಲ್ಲೇ ಒಬ್ಬರು ಲಂಡನ್ನಿನಲ್ಲಿ ಉತ್ತರ ಅಚ್ಚು ಹಾಕಿಸಿದ್ದರು. ಅವರ ಫೋಟೋ ನಿನ್ನ ಮೆಸ್ಸಿನ ಗೋಡೆಯ ಮೇಲಿದೆ. ಹಾರವೂ ಇದೆ. 'ದಿ ಪ್ರಾಬ್ಲಂ ಆಫ್ ದಿ ರುಪೀ' ಅನ್ನುವ ಅವರ ಪುಸ್ತಕ ನಮ್ಮಲ್ಲಿ ಎಷ್ಟು ಜನರ ಟ್ರಂಕಿನಲ್ಲಿದೆ? ಏಪ್ರಿಲ್ 14 ಬಂದರೆ 'ರಿಸರ್ವ್ ಬ್ಯಾಂಕ್ ಹುಟ್ಟಿದ್ದೇ ಬಾಬಾಸಾಹೇಬರಿಂದ' ಅಂತ ಮೈಕಿನ ಮುಂದೆ ಎದೆ ತಟ್ಟಿಕೊಳ್ಳುತ್ತೇವೆ. ಆ ಪುಸ್ತಕದೊಳಗಿನ ಕೂಲಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ವಿಷಯ ಇಷ್ಟು. ಆಗ ರೂಪಾಯಿ ಅಂದರೆ ಬೆಳ್ಳಿ, ಇಂಗ್ಲೆಂಡಿನ ಪೌಂಡು ಅಂದರೆ ಚಿನ್ನ. 1873ರಿಂದಾಚೆಗೆ ಚಿನ್ನದ ಎದುರು ಬೆಳ್ಳಿ ಬೆಲೆ ಇಳಿಯುತ್ತಾ ಹೋಯಿತು, ಜೊತೆಗೆ ರೂಪಾಯಿಯೂ ಇಳಿಯಿತು. ರಫ್ತು ಮಾಡುವವರು ಕುಣಿದಾಡಿದರು. ದೇಶಕ್ಕೇ ಲಾಭ ಅಂತ ಪಂಡಿತರು ಬರೆದರು. ಬಾಬಾಸಾಹೇಬರು ಕೇಳಿದ್ದು, ಈ ಲಾಭ ಬಂದದ್ದು ಎಲ್ಲಿಂದ ಅಂತ. ರೂಪಾಯಿ ಇಳಿದಾಗ ಸಾಮಾನಿನ ಬೆಲೆ ಏರುತ್ತದೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ಆ ನಡುವಿನ ಸಂದಿನಲ್ಲಿ ಬಿದ್ದದ್ದೇ ರಫ್ತುದಾರನ ಲಾಭ. ಅಂದರೆ ಅದು ದೇಶದ ಹೊಸ ಗಳಿಕೆ ಏನೂ ಆಗಿರಲಿಲ್ಲ, ಒಂದು ವರ್ಗದ ಜೇಬಿನಿಂದ ಇನ್ನೊಂದು ವರ್ಗದ ಜೇಬಿಗೆ ದಾಟಿದ ಹಣ. ಹೊರದೇಶದಲ್ಲಿ ರೂಪಾಯಿಗೆ ಎಷ್ಟು ಸಿಗುತ್ತದೆ ಅನ್ನುವುದಕ್ಕಿಂತ, ಒಳಗೆ ನಮ್ಮ ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದೇ ಮುಖ್ಯ ಅಂತ ಅವರು ಹಟ ಹಿಡಿದರು. ಅವರ ಗುರು ಎಡ್ವಿನ್ ಕ್ಯಾನನ್ ಅದೇ ಪುಸ್ತಕದ ಮುನ್ನುಡಿಯಲ್ಲಿ ತಮಗೆ ಪೂರ್ತಿ ಒಪ್ಪಿಗೆಯಿಲ್ಲ ಅಂತ ಬರೆದರು. ಶಿಷ್ಯ ಅದನ್ನೂ ಅಚ್ಚು ಹಾಕಿಸಿದ. ಮೂವತ್ತೆರಡು ವಯಸ್ಸು ಆಗ.

ಈಗ ಮೈಸೂರು ರಸ್ತೆಗೆ ಬಾ. 1966ರ ಜೂನಿನಲ್ಲಿ 4.76 ರೂಪಾಯಿಯ ಡಾಲರನ್ನು ಸರ್ಕಾರವೇ ಒಂದೇ ಏಟಿಗೆ 7.50 ಮಾಡಿತು. 1991ರಲ್ಲಿ ಮತ್ತೆ ಎರಡು ಕಂತಿನಲ್ಲಿ ಇಳಿಸಿತು. ಪ್ರತಿ ಸಲವೂ ಹೇಳಿದ್ದು ರಫ್ತಿಗೆ ಒಳ್ಳೆಯದು ಅಂತ. ಬೈಯರ್ ಏನು ಸುಮ್ಮನೆ ಕೂರುತ್ತಾನಾ? 'ನಿಮ್ಮ ರೂಪಾಯಿ ಇಳಿದಿದೆ, ರೇಟು ಇಳಿಸಿ' ಅನ್ನುತ್ತಾನೆ. ಓನರ್, ಬೈಯರ್ ಇಬ್ಬರೂ ಕೂತು ಹಂಚಿಕೊಳ್ಳುತ್ತಾರೆ. ಅಕ್ಕನ ಎಲೆ ಆ ಪಂಕ್ತಿಯಲ್ಲಿ ಹಾಕಿಯೇ ಇಲ್ಲ.

ಇಳಿದಾಗ ಇಲ್ಲದ ಪಾಲು ಕಷ್ಟ ಬಂದಾಗ ಮಾತ್ರ ತಪ್ಪದೆ ಬರುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂತು. ಹೊರದೇಶದ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದವು, ಇಲ್ಲಿ ಮಿಷನ್ ನಿಂತವು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಅಕ್ಕನ ಫ್ಲೋರಿನಲ್ಲಿ ಮೊದಲು ನಿಂತದ್ದು ಓ.ಟಿ., ಆಮೇಲೆ ಹೆಲ್ಪರ್ ಹುಡುಗಿಯರು. ವಾಷಿಂಗ್ಟನ್ನಿನಲ್ಲಿ ಕೂತವನು ಸಹಿ ಹಾಕಿದರೆ ಕುಂಬಳಗೋಡಿನ ಹುಡುಗಿಯ ಚೀಟಿ ಕಂತು ತಪ್ಪುತ್ತದೆ. ಇದಕ್ಕೆ ವಿಶ್ವ ವ್ಯಾಪಾರ ಅಂತ ಹೆಸರು.

417 ರೂಪಾಯಿಯ ಕತೆ ಗೊತ್ತಾ ನಿನಗೆ? ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ನಾಚಿಕೆಗೇಡು. 2020ರ ಏಪ್ರಿಲಿನಿಂದ ಗಾರ್ಮೆಂಟ್ಸಿನವರ ಸಂಬಳಕ್ಕೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಅದನ್ನೂ ಸರ್ಕಾರ ಆದೇಶ ಹೊರಡಿಸಿ ಮುಂದಕ್ಕೆ ತಳ್ಳಿತು. ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಗುದ್ದಾಡಿ, ಬ್ರ್ಯಾಂಡುಗಳ ಮಾನ ವಿದೇಶಿ ಪತ್ರಿಕೆಗಳಲ್ಲಿ ಹರಾಜಾದ ಮೇಲೆ 2022ರ ಆರಂಭದಿಂದ ದೊಡ್ಡ ಕಾರ್ಖಾನೆಗಳು ಬಾಕಿ ಕಟ್ಟತೊಡಗಿದವು. ಕೇಳದೆ ಯಾರೂ ಕೊಡಲಿಲ್ಲ. 2016ರ ಏಪ್ರಿಲ್ 18, 19ರಂದು ಪಿ.ಎಫ್. ದುಡ್ಡಿಗಾಗಿ ಇದೇ ಹೆಂಗಸರು ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ಬೀದಿಗಿಳಿದರು, ಎರಡೇ ದಿನಕ್ಕೆ ದೆಹಲಿ ಸರ್ಕಾರ ತನ್ನ ನಿಯಮ ವಾಪಸ್ ತಗೊಂಡಿತು. ನಾವಾಗ ಎಲ್ಲಿದ್ದೆವು? ಕವಿಗೋಷ್ಠಿಯಲ್ಲಿ.

ನಮ್ಮ ಒಬ್ಬ ಮೇಷ್ಟ್ರು ಹೇಳುತ್ತಾರೆ, 'ಮಾರುಕಟ್ಟೆಗೆ ಜಾತಿಯಿಲ್ಲ ಕಣ್ರಯ್ಯಾ, ದುಡ್ಡು ಮುಟ್ಟಿದರೆ ಮೈಲಿಗೆ ಆಗಲ್ಲ' ಅಂತ. ಅರ್ಧ ಒಪ್ಪುತ್ತೇನೆ. ಅಕ್ಕ ಊರಲ್ಲೇ ಇದ್ದಿದ್ದರೆ ಗೌಡರ ಹೊಲದಲ್ಲಿ ಕಳೆ ಕೀಳುತ್ತಾ ಕೈ ಮೇಲೆತ್ತಿ ನೀರು ಹಾಕಿಸಿಕೊಂಡು ಕುಡಿಯಬೇಕಿತ್ತು. ಇಲ್ಲಿ ಅವಳ ಸಂಬಳ ಅವಳ ಅಕೌಂಟಿಗೆ ಬೀಳುತ್ತದೆ. ಇದು ಸಣ್ಣ ಮಾತಲ್ಲ. ಊರು ಬಿಟ್ಟು ಹೊರಡಿ ಅಂತ ಬಾಬಾಸಾಹೇಬರು ಸುಮ್ಮನೆ ಹೇಳಲಿಲ್ಲ.

ಇನ್ನರ್ಧ ಕೇಳಿ ಮೇಷ್ಟ್ರೇ. ಹೋದ ವರ್ಷ ಅಕ್ಕನೂ ನಾನೂ ಬಸವೇಶ್ವರನಗರದಲ್ಲಿ ಮನೆ ಹುಡುಕಿದೆವು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದ ಬಸವಣ್ಣನ ಹೆಸರಿನ ಬಡಾವಣೆ. ಕೈಯಲ್ಲಿ ಅಡ್ವಾನ್ಸ್ ಇತ್ತು. ಮೊದಲನೇ ಮನೆಯಲ್ಲಿ 'ವೆಜ್ಜಾ?' ಎರಡನೆಯದರಲ್ಲಿ 'ನೀವು ಯಾವ ಪೈಕಿ?' ಮೂರನೆಯದರಲ್ಲಿ ಅಕ್ಕನ ಹೆಸರು, ನಮ್ಮೂರಿನ ಹೆಸರು ಕೇಳಿದ ಮೇಲೆ ಖಾಲಿಯಿದ್ದ ಮನೆ ತುಂಬಿಹೋಯಿತು. ಕೊನೆಗೆ ಸಿಕ್ಕಿದ್ದು ಕೆಂಗೇರಿಯಾಚೆ ಶೀಟಿನ ಮನೆ. ಅಲ್ಲಿಂದ ಅವಳು ಐದೂವರೆಗೆ ಎದ್ದು ಹೊರಡಬೇಕು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತಲ್ಲ, ಉಳಿದ ಆ ದುಡ್ಡನ್ನು ಓನರ್ ಬಾಡಿಗೆಗೆ ಸೇರಿಸಿಕೊಂಡ. ಹಾಗಾದರೆ ರೂಪಾಯಿಯ ಬೆಲೆ ಏನು? ಅದೇ ನೋಟು, ಅದೇ ಗಾಂಧಿ. ಒಬ್ಬರ ಕೈಯಲ್ಲಿ ಬಸವೇಶ್ವರನಗರದಲ್ಲಿ ಬೆಳಕಿರುವ ಎರಡು ಕೋಣೆ, ನಮ್ಮ ಕೈಯಲ್ಲಿ ಮೋರಿ ಪಕ್ಕದ ಶೀಟು.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಒಂದು ಭಾರಿ ಕಟ್ಟಡವಿದೆ, ಹೆಸರೇ ವರ್ಲ್ಡ್ ಟ್ರೇಡ್ ಸೆಂಟರ್. ಆ ಜಾಗದಲ್ಲಿ ಹಿಂದೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ಮಗ್ಗುಲಲ್ಲೇ ಮಾಲು. ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಅಂಗಡಿಯೊಂದರಲ್ಲಿ ಅವಳು ಹೊಲಿಯುವ ಅದೇ ಲೇಬಲ್ಲಿನ ಶರ್ಟು ನೇತುಹಾಕಿದ್ದರು. ಕಾಲರ್ ತಿರುವಿದಳು, ತುದಿ ಮುಟ್ಟಿ ನೋಡಿದಳು. "ಇದು ನಮ್ ಲೈನಿಂದಲ್ಲ ಕಣೋ, ಪಾಯಿಂಟು ಸರಿಯಾಗಿ ಕೂತಿಲ್ಲ." ಆಮೇಲೆ ರೇಟಿನ ಚೀಟಿ ನೋಡಿ ಕೈಬಿಟ್ಟಳು. ಅಂಗಡಿ ಹುಡುಗ ಬಂದು ಶರ್ಟನ್ನು ಸರಿಮಾಡಿ ನೇತುಹಾಕಿದ.

ಬರುವ ಭಾನುವಾರ ಸಂಜೆ ಹಾಸ್ಟೆಲಿನ ಮೆಸ್ ಹಾಲಿನಲ್ಲಿ 'ರುಪೀ' ಪುಸ್ತಕ ಓದಲು ಕೂರುತ್ತಿದ್ದೇವೆ. ಇಂಗ್ಲಿಷಿನ ಬರಹ-ಭಾಷಣಗಳ 6ನೇ ಸಂಪುಟದಲ್ಲಿದೆ. ಕಷ್ಟದ ಇಂಗ್ಲಿಷು, ಒಬ್ಬ ಓದಿ ಇನ್ನೊಬ್ಬ ಕನ್ನಡದಲ್ಲಿ ಹೇಳಬೇಕು. ಪದ್ಯ ತರಬೇಡಿ. ಮನೆಯಲ್ಲಿ ಅಕ್ಕನೋ ಅವ್ವನೋ ಗಾರ್ಮೆಂಟ್ಸಿಗೆ ಹೋಗುತ್ತಿದ್ದರೆ ಅವರ ಎರಡು ವರ್ಷದ ಸಂಬಳದ ಚೀಟಿ ಕೇಳಿ ತನ್ನಿ. ರಜೆ ಸಿಕ್ಕರೆ ಅವರನ್ನೂ ಕರೆತನ್ನಿ. ನನ್ನಕ್ಕ ಬರುತ್ತೇನೆ ಅಂದಿದ್ದಾಳೆ.