ವೇಗ ಇರುವುದು ಟೈಮಿಂಗಿನಲ್ಲಿ

ಕೇರಳದ ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಎಡನೀರು ದಾಟಿದರೆ ನೆಲ್ಲಿಕಟ್ಟೆ, ನಮ್ಮ ನೆಕ್ರಾಜೆ. ಈ ರಸ್ತೆಯಲ್ಲಿ ನಾನು ಬಹಳ ವರ್ಷ ಖಾಸಗಿ ಬಸ್ ಓಡಿಸಿದವನು. ಹೊಂಡಗಳಿದ್ದ ಕಾಲದಲ್ಲಿ ಜನ ಬೈಯುತ್ತಿದ್ದರು. ಡಾಮರು ಬಿದ್ದ ಮೇಲೆ ಬೈಗುಳ ನಿಂತಿತು, ವೇಗ ಏರಿತು. ಮಕ್ಕಳು ನಡೆದುಹೋಗಲು ಜಾಗ ಮಾತ್ರ ಹೆಚ್ಚಾಗಲಿಲ್ಲ.

ಇದೇ ರಸ್ತೆ ಬದಿಯಡ್ಕ ದಾಟಿ ಪೆರ್ಲದ ಕಡೆ ಸಾಗುವಲ್ಲಿ ಪಳ್ಳತ್ತಡ್ಕವಿದೆ. 2023ರ ಸೆಪ್ಟೆಂಬರ್ 25ರಂದು ಅಲ್ಲಿ, ಮಕ್ಕಳನ್ನು ಇಳಿಸಿ ಮರಳುತ್ತಿದ್ದ ಶಾಲಾ ಬಸ್ಸಿಗೂ ಆಟೋರಿಕ್ಷಾಕ್ಕೂ ಡಿಕ್ಕಿಯಾಗಿ ಐವರು ತೀರಿಕೊಂಡರು: ಆಟೋ ಚಾಲಕ ಮತ್ತು ನಾಲ್ವರು ಹೆಂಗಸರು. ಅದಕ್ಕೂ ಹಿಂದೆ, 2021ರ ಜನವರಿ 3ರಂದು, ಈಶ್ವರಮಂಗಲ ಕಡೆಯಿಂದ ಹೊರಟ ಮದುವೆ ಬಸ್ಸು ನಮ್ಮದೇ ಜಿಲ್ಲೆಯ ಪಾಣತ್ತೂರಿನ ಇಳಿಜಾರಿನಲ್ಲಿ ಮನೆಯೊಂದರ ಮೇಲೆ ಉರುಳಿ ಏಳು ಜೀವ ಹೋಯಿತು. ಎರಡೂ ಸಲ ಚಾ ಅಂಗಡಿಯಲ್ಲಿ ಹುಟ್ಟಿದ ತೀರ್ಪು ಒಂದೇ. ಡ್ರೈವರನದ್ದೇ ತಪ್ಪು.

ಇರಬಹುದು. ಆದರೆ ವಿಚಾರಣೆ ಅಷ್ಟಕ್ಕೇ ಮುಗಿದರೆ ನಾಳೆ ಇನ್ನೊಬ್ಬ ಅಲ್ಲೇ ತಪ್ಪುತ್ತಾನೆ. ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿದ ‘ವಿಷನ್ ಝೀರೋ’ದ ತಿರುಳು ಇಷ್ಟೇ: ಮನುಷ್ಯ ತಪ್ಪುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ನೋಡಿಕೊಳ್ಳುವ ಹೊಣೆ ರಸ್ತೆ ಕಟ್ಟಿದವರದ್ದೂ ಹೌದು.

ನಮ್ಮ ದೇಶದಲ್ಲಿ ಗುರಿಗಳಿಗೇನೂ ಬರವಿಲ್ಲ. 2015ರಲ್ಲಿ ರಸ್ತೆ ಸುರಕ್ಷತೆಯ ಬ್ರೆಸಿಲಿಯಾ ಘೋಷಣೆಗೆ ಸಹಿ ಹಾಕಿ, 2020ರೊಳಗೆ ಸಾವನ್ನು ಅರ್ಧಕ್ಕಿಳಿಸುತ್ತೇವೆ ಎಂದೆವು. ಸಹಿ ಹಾಕಿದ 2015ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 1.46 ಲಕ್ಷ, 2022ರಲ್ಲಿ 1.68 ಲಕ್ಷ. ಈಗ ಅದೇ ಅರ್ಧದ ಗುರಿ 2030ಕ್ಕೆ ಸರಿದಿದೆ. ಅವಧಿ ಮುಗಿದ ಪರ್ಮಿಟ್ಟನ್ನು ರಿನ್ಯೂ ಮಾಡಿಸಿದ ಹಾಗೆ.

ದಿಲ್ಲಿಯ ಗುರಿ ನಮ್ಮ ಬಸ್ಸಿನ ಸ್ಟಿಯರಿಂಗಿಗೆ ಮುಟ್ಟಬೇಕಾದರೆ ಟೈಮಿಂಗ್ ಶೀಟನ್ನು ನೋಡಬೇಕು. ಖಾಸಗಿ ಬಸ್ಸಿಗೆ ಪರ್ಮಿಟ್ಟಿನ ಜೊತೆಗೆ ಟೈಮಿಂಗೂ ಸಿಗುತ್ತದೆ. ಹಿಂದಿನ ಬಸ್ಸು ಕೆಲವೇ ನಿಮಿಷ ದೂರದಲ್ಲಿರುತ್ತದೆ, ನಮಗೆ ಸಿಗುವ ಭತ್ತೆಯೋ ದಿನದ ಕಲೆಕ್ಷನ್ ನೋಡಿಕೊಂಡು. ಚೆರ್ಕಳದ ಹೆದ್ದಾರಿ ಕಾಮಗಾರಿಯ ಬ್ಲಾಕಿನಲ್ಲಿ ಕಳೆದುಹೋದ ನಿಮಿಷವನ್ನು ಡ್ರೈವರ್ ಎಲ್ಲಿ ಹಿಡಿಯಬೇಕು? ಎಡನೀರು ಕಳೆದ ತಿರುವುಗಳಲ್ಲೇ. ಅಜ್ಜಿಯ ಎರಡನೇ ಕಾಲು ನೆಲಕ್ಕೆ ತಾಗುವ ಮೊದಲೇ ಡಬಲ್ ಬೆಲ್ ಬೀಳುತ್ತದೆ. ನಾವೇನು ಸಾಯುವ ಆಸೆಯಿಂದ ಓಡಿಸುವವರೇ? ಕೇರಳ 2023ರ ಜೂನಿನಿಂದ ಎಐ ಕ್ಯಾಮರಾಗಳ ಮೂಲಕ ದಂಡ ಹಾಕುತ್ತಿದೆ. ಒಳ್ಳೆಯದೇ. ಅವಕ್ಕೆ ಹೆಲ್ಮೆಟ್ ಕಾಣುತ್ತದೆ, ಬೆಲ್ಟ್ ಕಾಣುತ್ತದೆ. ಟೈಮಿಂಗ್ ಶೀಟ್ ಕಾಣುವುದಿಲ್ಲ.

ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ 198ಎ ವಿಧಿಯಂತೆ, ರಸ್ತೆಯ ವಿನ್ಯಾಸ ಮತ್ತು ನಿರ್ಮಾಣದಲ್ಲಿ ಮಾನದಂಡ ತಪ್ಪಿ ಸಾವಾದರೆ ಸಂಬಂಧಪಟ್ಟ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ದಂಡ ವಿಧಿಸಬಹುದು. ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ! ಕೋಟಿ ಲೆಕ್ಕದ ಕಾಮಗಾರಿಯಲ್ಲಿ ಅದು ಯಾರ ನಿದ್ದೆ ಕೆಡಿಸುತ್ತದೆ?

ರಸ್ತೆ ಸುರಕ್ಷತೆಯಲ್ಲಿ ದೇಶಕ್ಕೆ ದೂರದೃಷ್ಟಿ ಬೇಕು, ಒಪ್ಪುತ್ತೇನೆ. ಅದು ಷಟ್ಪಥ ಹೆದ್ದಾರಿಯಿಂದಲ್ಲ, ಷಟ್ಪಥದಿಂದ ಒಳಗೆ ತಿರುಗುವ ಇಂಥ ರಸ್ತೆಗಳಿಂದ ಶುರುವಾಗಲಿ. ಪ್ರತಿ ಸಾವಿನ ನಂತರ ರಸ್ತೆಯನ್ನೂ ಟೈಮಿಂಗನ್ನೂ ತನಿಖೆ ಮಾಡಿ, ವರದಿಯನ್ನು ಆಯಾ ಪಂಚಾಯತಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಅಂಟಿಸಲಿ. ನೆಕ್ರಾಜೆಯವರೇ, ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪದ ಜೊತೆಗೆ ಕಾಲುದಾರಿಯನ್ನೂ, ಬಸ್ಸು ರಸ್ತೆ ಬಿಟ್ಟು ನಿಲ್ಲುವ ಜಾಗವನ್ನೂ ಕೇಳಿ.